30 ಸಾವಿರ ಡಾಲರ್, ಎರಡು ಬಾಗಿಲು: ಹೊಸ ಕಾರೋ, ಹಳೆಯದೋ?

ಪ್ರಶ್ನೆ: ಸರ್, ನಾನು ಹಾಸನದವನು. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ಗೆ ಬಂದು ನಾಲ್ಕು ವರ್ಷವಾಯಿತು. ಮನೆಯಲ್ಲಿ ಹೆಂಡತಿಯ ಹೋಂಡಾ ಸಿಆರ್-ವಿ ಇದೆ. ನನಗೆ ಚಿಕ್ಕಂದಿನಿಂದ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರಿನ ಹುಚ್ಚು. ಈಗ 30 ಸಾವಿರ ಡಾಲರ್ ಎತ್ತಿಟ್ಟಿದ್ದೇನೆ. ಹೊಸ ಟೊಯೋಟಾ ಜಿಆರ್86 ತಗೊಳ್ಳಲಾ? ಅಥವಾ ಅಷ್ಟೇ ದುಡ್ಡಿಗೆ 2019ರ ಮಸ್ಟಾಂಗ್ ಜಿಟಿ ಸಿಗುತ್ತಿದೆ, ಅದಾ? ಇನ್ನೊಬ್ಬರು 2011ರ ನಿಸಾನ್ 370ಝಡ್ ಮಾರುತ್ತಿದ್ದಾರೆ. 88 ಸಾವಿರ ಮೈಲಿ ಓಡಿದೆ, ತುಂಬಾ ಕಡಿಮೆಗೆ ಕೊಡುತ್ತೇನೆ ಅನ್ನುತ್ತಾರೆ. ಚಳಿಗಾಲದಲ್ಲೂ ಓಡಿಸಬೇಕು. ಮುಂದೆ ಊರಿಗೆ ವಾಪಸ್ ಹೋದರೆ ಕಾರು ಜೊತೆಗೆ ತಗೊಂಡು ಹೋಗಬಹುದಾ?

ಉತ್ತರ: ನಿಮ್ಮ ಪತ್ರ ಓದಿ ನಾನು ಮೊದಲು ತೆಗೆದದ್ದು ಕ್ಯಾಲ್ಕುಲೇಟರ್. ಹೊಸ ಜಿಆರ್86 ಅಮೆರಿಕಕ್ಕೆ 2022ರ ಮಾಡೆಲ್ ಆಗಿ ಬಂದಾಗ 27,700 ಡಾಲರ್‌ನಿಂದ ಶುರುವಾಗುತ್ತಿತ್ತು. ಈಗ ಪಟ್ಟಿಯ ಬೆಲೆಯೇ 30 ಸಾವಿರ ದಾಟಿದೆ. ಅದರ ಮೇಲೆ ಶೋರೂಮಿಗೆ ತಂದ ಖರ್ಚು ಅಂತ ಸಾವಿರ ಚಿಲ್ಲರೆ ಹಾಕುತ್ತಾರೆ. ಒಹಾಯೊ ರಾಜ್ಯದ ತೆರಿಗೆ ಶೇ. 5.75, ನಿಮ್ಮ ಕೌಂಟಿ ತನ್ನ ಪಾಲು ಬೇರೆ ಸೇರಿಸುತ್ತದೆ. ಎಲ್ಲ ಕೂಡಿದರೆ 34 ಸಾವಿರದ ಹತ್ತಿರ ಬರುತ್ತದೆ. ಇನ್ನೂ ಇನ್ಶೂರೆನ್ಸ್ ಕಟ್ಟಿಲ್ಲ, ಚಳಿಗಾಲದ ಟೈರ್ ಕೊಂಡಿಲ್ಲ. ಆನೆ ತಂದು ಅಂಕುಶಕ್ಕೆ ಚೌಕಾಸಿ ಮಾಡುವ ಸ್ಥಿತಿ ಆಗಬಾರದು ಅಲ್ವಾ?

ಅದಕ್ಕೇ ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ. 2022 ಅಥವಾ 2023ರ ಜಿಆರ್86 ಅಥವಾ ಅದರ ಅವಳಿ ಸುಬಾರು ಬಿಆರ್‌ಝಡ್ ಹುಡುಕಿ. ಒಬ್ಬನೇ ಮಾಲೀಕ ಓಡಿಸಿರಬೇಕು, ಏನೂ ಮಾಡಿಫೈ ಮಾಡಿರಬಾರದು. ತೆರಿಗೆ ಸೇರಿ 26 ಸಾವಿರ ದಾಟಬಾರದು. ಉಳಿದ ನಾಲ್ಕು ಸಾವಿರ ಮುಟ್ಟಬೇಡಿ, ಅದರ ಕೆಲಸ ಮುಂದೆ ಹೇಳುತ್ತೇನೆ. ಆ ಬೆಲೆಗೆ ಸಿಗದಿದ್ದರೆ ಆರೇಳು ತಿಂಗಳು ದುಡ್ಡು ಕೂಡಿಸಿ ಹೊಸದನ್ನೇ ತಗೊಳ್ಳಿ. ಮಸ್ಟಾಂಗ್ ಬೇಕೇ ಬೇಕು ಅಂದರೆ ಹಳೆಯದೇ ಸರಿ, ಆದರೆ ಜಿಟಿ ಬೇಡ. 370ಝಡ್ ಮಾರುತ್ತಿರುವವರಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ಆ ಪ್ರಶ್ನೆಗಳೂ ಕೆಳಗಿವೆ.

ಹೊಸದೋ ಹಳೆಯದೋ ಅನ್ನುವುದಕ್ಕೆ ಎಲ್ಲ ಕಾರಿಗೂ ಒಂದೇ ಉತ್ತರ ಇಲ್ಲ. ಸಾಮಾನ್ಯ ಸೆಡಾನ್ ಆದರೆ ಮೂರು ವರ್ಷ ಹಳೆಯದು ತಗೊಳ್ಳಿ ಅಂತ ಕಣ್ಣು ಮುಚ್ಚಿ ಹೇಳಬಹುದು. ಈ ಎರಡು ಬಾಗಿಲಿನ ಕೂಪೆ ಕಾರುಗಳ ಲೆಕ್ಕ ಬೇರೆ. ಕೆಲವು ಕಾರುಗಳ ಬೆಲೆ ಇಳಿಯುವುದೇ ಇಲ್ಲ, ಇನ್ನು ಕೆಲವು ಶೋರೂಮಿನ ಗೇಟ್ ದಾಟಿದ ಕೂಡಲೇ ಜಾರುತ್ತವೆ. ಜಿಆರ್86 ಮೊದಲ ಜಾತಿ. ತಯಾರಾಗುವುದು ಕಡಿಮೆ, ಬೇಕು ಅನ್ನುವವರು ಜಾಸ್ತಿ. ಎರಡು ವರ್ಷ ಓಡಿದ್ದಕ್ಕೂ ಹೊಸದರ ಹತ್ತಿರದ ಬೆಲೆ ಹೇಳುವವರಿದ್ದಾರೆ. ಟರ್ಬೊ ಎಂಜಿನ್ನಿನ ಮಸ್ಟಾಂಗ್ ಇಕೋಬೂಸ್ಟ್ ಎರಡನೇ ಜಾತಿ. ನಾನು ಇಟ್ಟುಕೊಂಡಿರುವ ಅಳತೆ ಇಷ್ಟೇ: ಮೂರು ವರ್ಷ ಹಳೆಯ ಕಾರು ಹೊಸದರ ಬೆಲೆಗಿಂತ ಕಾಲು ಭಾಗವಾದರೂ ಇಳಿದಿರಬೇಕು. ಅಷ್ಟು ಇಳಿಯದಿದ್ದರೆ ಹಳೆಯದನ್ನು ಮುಟ್ಟಬೇಡಿ. ಬೇರೆಯವರು ಕ್ಲಚ್ ಕಲಿತ ಕಾರಿಗೆ ಹೊಸದರ ದುಡ್ಡು ಯಾಕೆ ಕೊಡಬೇಕು?

ಈ ಕ್ಲಚ್ ಮಾತು ತಮಾಷೆಯಲ್ಲ. ಅಮೆರಿಕದಲ್ಲಿ ಬಹುಪಾಲು ಜನಕ್ಕೆ ಗೇರ್ ಹಾಕಿ ಓಡಿಸಲು ಬರುವುದಿಲ್ಲ. ಮ್ಯಾನುವಲ್ ಕೂಪೆ ಕೊಂಡು ಅದರಲ್ಲೇ ಕಲಿಯುವವರು ಬಹಳ. ನೀವು ಹಾಸನದಲ್ಲಿ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಹಾಫ್ ಕ್ಲಚ್ ಕಲಿತಿರುತ್ತೀರಿ. ಎಡಗೈಯ ಗೇರ್ ಬಲಗೈಗೆ ಬರುತ್ತದೆ, ಪೆಡಲ್‌ಗಳು ಮಾತ್ರ ಅದೇ ಜಾಗದಲ್ಲಿವೆ. ಒಂದು ವಾರದಲ್ಲಿ ಕೈ ಕುದುರುತ್ತದೆ. ಹಾಗಾಗಿ ಆಟೋಮ್ಯಾಟಿಕ್ ಬೇಡ, ಆರು ಗೇರಿನ ಮ್ಯಾನುವಲ್ ತಗೊಳ್ಳಿ. ಸೊನ್ನೆಯಿಂದ 60 ಮೈಲಿ ವೇಗಕ್ಕೆ ಜಿಆರ್86 ಮ್ಯಾನುವಲ್ 6.1 ಸೆಕೆಂಡ್, ಆಟೋಮ್ಯಾಟಿಕ್ 6.6 ಅಂತ ಟೊಯೋಟಾ ಹೇಳುತ್ತದೆ. ನನಗೆ ಆ ಅರ್ಧ ಸೆಕೆಂಡು ಮುಖ್ಯವಲ್ಲ. ಈ ಕಾರಿನ ಅರ್ಧ ಸುಖ ಆ ಗೇರ್ ಕಡ್ಡಿಯಲ್ಲೇ ಇದೆ.

ಇನ್ನು ಈ ಕಾರಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಿಮ್ಮ ದುಡ್ಡು ಬಹುಶಃ ಇಲ್ಲೇ ಹೋಗುತ್ತದೆ. ಹೆಸರು ಟೊಯೋಟಾ, ಎಂಜಿನ್ ಸುಬಾರುದು. ತಯಾರಾಗುವುದೂ ಜಪಾನಿನ ಗುನ್ಮಾದಲ್ಲಿರುವ ಸುಬಾರು ಕಾರ್ಖಾನೆಯಲ್ಲಿ. ನಾಲ್ಕು ಸಿಲಿಂಡರ್‌ಗಳು ನಿಂತಿಲ್ಲ, ಎರಡೆರಡಾಗಿ ಅಕ್ಕಪಕ್ಕ ಮಲಗಿವೆ. ಎಂಜಿನ್ ತಗ್ಗಿನಲ್ಲಿ ಕೂರುವುದರಿಂದ ತಿರುವಿನಲ್ಲಿ ಕಾರು ವಾಲುವುದು ಕಡಿಮೆ. ತೂಕ ಸುಮಾರು 2,800 ಪೌಂಡ್, ಅಂದರೆ 1,270 ಕೆ.ಜಿ. ಚಿಲ್ಲರೆ. ಈ ಕಾಲದ ಕಾರಿಗೆ ಇದು ತೀರಾ ಹಗುರ. ಸುಬಾರು ಅಂದ ಕೂಡಲೇ ನಾಲ್ಕೂ ಚಕ್ರಕ್ಕೆ ಶಕ್ತಿ ಅಂದುಕೊಳ್ಳುತ್ತಾರೆ. ಬಿಆರ್‌ಝಡ್‌ನಲ್ಲಿ ಹಾಗಿಲ್ಲ, ಇದೂ ರಿಯರ್ ವೀಲ್ ಡ್ರೈವ್, ಅಂದರೆ ಶಕ್ತಿ ಹೋಗುವುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ನಮ್ಮ ಊರಿನ ಮಾರುತಿ ಓಮ್ನಿ ಕೂಡ ರಿಯರ್ ವೀಲ್ ಡ್ರೈವೇ. ಸೀಟಿನ ಕೆಳಗೇ ಎಂಜಿನ್ ಇರುವ ಅದನ್ನು ಯಾರೂ ಸ್ಪೋರ್ಟ್ಸ್ ಕಾರು ಅನ್ನಲಿಲ್ಲ, ಪಾಪ.

ಇದರಲ್ಲಿ ಎರಡು ತಲೆಮಾರು. ಮೊದಲನೆಯದು 2013ರಿಂದ 2020ರ ಮಾಡೆಲ್‌ವರೆಗೆ. ಆಗ ಟೊಯೋಟಾದ ಕಾರು ಅಮೆರಿಕದಲ್ಲಿ ಸಯಾನ್ ಎಫ್ಆರ್-ಎಸ್ ಅಂತ ಬಂತು, 2017ರಿಂದ ಟೊಯೋಟಾ 86 ಆಯಿತು. ಎಂಜಿನ್ 2 ಲೀಟರ್, 200 ಎಚ್‌ಪಿ. ಎರಡನೆಯದು 2022ರಿಂದ. 2.4 ಲೀಟರ್, 228 ಎಚ್‌ಪಿ. 28 ಎಚ್‌ಪಿ ಜಾಸ್ತಿ ಆಯಿತು ಅಷ್ಟೇ ತಾನೇ ಅನ್ನಬೇಡಿ. ಹಳೆಯದರಲ್ಲಿ 3,500ರಿಂದ 4,500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಲೆಕ್ಕ) ನಡುವೆ ಎಳೆತದಲ್ಲಿ ಒಂದು ಹಳ್ಳ ಇತ್ತು. ಓವರ್‌ಟೇಕ್ ಮಾಡಲು ಆಕ್ಸಿಲರೇಟರ್ ಒತ್ತಿದರೆ ಕಾರು ಒಂದು ಕ್ಷಣ ಯೋಚನೆ ಮಾಡುತ್ತಿತ್ತು. ಹೊಸದರಲ್ಲಿ ಪೂರ್ತಿ ಟಾರ್ಕ್, ಅಂದರೆ ಎಳೆಯುವ ಬಲ, 3,700 ಆರ್‌ಪಿಎಂಗೇ ಸಿಗುತ್ತದೆ. ದಿನಾ ಆಫೀಸಿಗೆ ಹೋಗುವವನಿಗೆ ಈ ಪಿಕಪ್ ವ್ಯತ್ಯಾಸ ಮೊದಲ ಸಿಗ್ನಲ್‌ನಲ್ಲೇ ಗೊತ್ತಾಗುತ್ತದೆ.

ಮೊದಲ ತಲೆಮಾರಿನದು ಅಗ್ಗಕ್ಕೆ ಸಿಗುತ್ತದೆ. ಅದರಲ್ಲೂ 2013ರ ಮಾಡೆಲ್ ಎಲ್ಲಕ್ಕಿಂತ ಅಗ್ಗ. ಯಾಕೆ ಅಗ್ಗ ಅನ್ನುವುದು ತಿಳಿದಿರಲಿ. ಎಂಜಿನ್ನಿನ ವಾಲ್ವ್ ಸ್ಪ್ರಿಂಗ್ ಮುರಿಯಬಹುದು ಅಂತ 2018ರ ಕೊನೆಯಲ್ಲಿ ಅವನ್ನು ಕಂಪನಿಗಳು ವಾಪಸ್ ಕರೆದವು. ಸ್ಪ್ರಿಂಗ್ ಸಣ್ಣ ಸಾಮಾನು. ಅದನ್ನು ಬದಲಿಸಲು ಇಡೀ ಎಂಜಿನ್ ಇಳಿಸಿ, ಬಿಚ್ಚಿ, ಮತ್ತೆ ಸಂದು ಮುಚ್ಚುವ ಅಂಟು (ಸೀಲಂಟ್) ಹಚ್ಚಿ ಮುಚ್ಚಬೇಕು. ಹಾಗೆ ರಿಪೇರಿಯಾದ ಕೆಲವು ಎಂಜಿನ್‌ಗಳು ಆಮೇಲೆ ಕೆಟ್ಟವು ಅಂತ ದೂರುಗಳೂ ಬಂದವು. ಆದ್ದರಿಂದ ಹಳೆಯದನ್ನೇ ನೋಡುವುದಾದರೆ 2017ರ ನಂತರದ್ದು ನೋಡಿ.

ಎರಡನೇ ತಲೆಮಾರಿಗೂ ಅದರದ್ದೇ ಗೊಣಗಾಟ ಇದೆ. ಕಾರ್ಖಾನೆಯಲ್ಲಿ ಹಚ್ಚಿದ ಸೀಲಂಟ್ ಜಾಸ್ತಿಯಾಗಿ, ಅದರ ಚೂರುಗಳು ಆಯಿಲ್ ಹೀರುವ ಜಾಲರಿಗೆ ಬಂದು ಸಿಕ್ಕಿಕೊಳ್ಳುತ್ತವೆ ಅಂತ ಮಾಲೀಕರು ಮಾತಾಡಿಕೊಳ್ಳುತ್ತಾರೆ. ರೇಸ್ ಟ್ರ್ಯಾಕಿನ ಉದ್ದನೆಯ ಬಲ ತಿರುವುಗಳಲ್ಲಿ ಆಯಿಲ್ ಪ್ರೆಷರ್ ಇಳಿಯುವುದನ್ನೂ ಕೆಲವರು ಮೀಟರ್ ಹಾಕಿ ತೋರಿಸಿದ್ದಾರೆ. ರಸ್ತೆಯಲ್ಲಿ ಓಡಿಸುವ ನಿಮಗೆ ಇದರಿಂದ ನಿದ್ದೆ ಕೆಡಬೇಕಾಗಿಲ್ಲ. ಆದರೆ ಹಿಂದಿನ ಮಾಲೀಕ ಪ್ರತಿ ತಿಂಗಳು ಟ್ರ್ಯಾಕಿಗೆ ಹೋಗುತ್ತಿದ್ದನಾ ಅನ್ನುವುದು ಮುಖ್ಯವಾಗುತ್ತದೆ. ಎಂಜಿನ್, ಗೇರ್ ಬಾಕ್ಸ್‌ಗೆ ಐದು ವರ್ಷ ಅಥವಾ 60 ಸಾವಿರ ಮೈಲಿ ವಾರಂಟಿ ಇದೆ. ಅದು ಎರಡನೇ ಮಾಲೀಕನಿಗೂ ಬರುತ್ತದೆ. ಎಂಜಿನ್ನಿನ ಟ್ಯೂನ್, ಅಂದರೆ ಅದರ ಕಂಪ್ಯೂಟರಿನ ಸೆಟ್ಟಿಂಗ್, ಬದಲಾಯಿಸಿದ್ದರೆ ಅಲ್ಲಿ ತಕರಾರು ಶುರು. ಏನೂ ಮುಟ್ಟದ ಕಾರೇ ಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಕೊಳ್ಳುವ ದಿನ ವಾರಂಟಿ ಎಷ್ಟು ತಿಂಗಳು ಉಳಿದಿದೆ ಅಂತ ಲೆಕ್ಕ ಹಾಕಿ. ಒಂದು ತಿಂಗಳು ಉಳಿದ ಕಾರಿಗೂ ಎರಡು ವರ್ಷ ಉಳಿದ ಕಾರಿಗೂ ಒಂದೇ ಬೆಲೆ ಕೊಡಬೇಡಿ.

ಪೆಟ್ರೋಲ್ ಪ್ರೀಮಿಯಂ ಬೇಕು. ಮ್ಯಾನುವಲ್ ಕಾರು ಊರೊಳಗೆ ಗ್ಯಾಲನ್‌ಗೆ 20 ಮೈಲಿ, ಹೈವೇಯಲ್ಲಿ 27 ಅನ್ನುತ್ತದೆ ಸರ್ಕಾರಿ ಲೆಕ್ಕ.

ಹೊಸದನ್ನೇ ಕೊಂಡರೆ ಒಂದು ಲಾಭ ಇದೆ, ಅದನ್ನೂ ಹೇಳಿಬಿಡುತ್ತೇನೆ. ಜಿಆರ್86 ಕೊಂಡವರಿಗೆ ಟೊಯೋಟಾ ಒಂದು ವರ್ಷದ ನಾಸಾ ಸದಸ್ಯತ್ವವನ್ನೂ, ಟ್ರ್ಯಾಕಿನಲ್ಲಿ ಒಮ್ಮೆ ತರಬೇತಿಯನ್ನೂ ಕೊಡುತ್ತಾ ಬಂದಿದೆ. ಇದು ರಾಕೆಟ್ ಹಾರಿಸುವ ನಾಸಾ ಅಲ್ಲ, ನ್ಯಾಷನಲ್ ಆಟೋ ಸ್ಪೋರ್ಟ್ ಅಸೋಸಿಯೇಷನ್. ನಿಮ್ಮ ಮನೆಯಿಂದ ಗಂಟೆಯ ದಾರಿಯಲ್ಲೇ ಲೆಕ್ಸಿಂಗ್ಟನ್‌ನಲ್ಲಿ ಮಿಡ್-ಒಹಾಯೊ ಟ್ರ್ಯಾಕ್ ಇದೆ. ಪಕ್ಕದ ಸೀಟಿನಲ್ಲಿ ಗುರು ಕೂತು ಬ್ರೇಕ್ ಎಲ್ಲಿ ಹಿಡಿಯಬೇಕು ಅಂತ ಹೇಳಿಕೊಡುತ್ತಾರೆ. ಆದರೆ ಸಾಮಾನ್ಯ ಇನ್ಶೂರೆನ್ಸ್ ಟ್ರ್ಯಾಕಿನಲ್ಲಿ ಆದ ನಷ್ಟಕ್ಕೆ ಬರುವುದಿಲ್ಲ. ಹೋಗುವ ಮುಂಚೆ ಪಾಲಿಸಿ ಓದಿ.

ಈಗ ಮಸ್ಟಾಂಗ್. 2018ರ ನಂತರದ ಜಿಟಿಯಲ್ಲಿ 5 ಲೀಟರ್ ವಿ8, 460 ಎಚ್‌ಪಿ. ಶಬ್ದ ಕೇಳಿದರೆ ಯಾರಿಗಾದರೂ ಆಸೆಯಾಗುತ್ತದೆ, ನನಗೂ ಆಗುತ್ತದೆ. ಬೇಡ ಅನ್ನುವುದಕ್ಕೆ ಕಾರಣ ಕಾರಲ್ಲ, ನಿಮ್ಮ ಪರಿಸ್ಥಿತಿ. ನಿಮಗೆ ರಿಯರ್ ವೀಲ್ ಡ್ರೈವ್ ಹೊಸದು. ಕೊಲಂಬಸ್‌ನಲ್ಲಿ ಹಿಮ ಬೀಳುತ್ತದೆ. ಇನ್ಶೂರೆನ್ಸ್, ಟೈರ್, ಪೆಟ್ರೋಲ್ ಎಲ್ಲದಕ್ಕೂ ದೊಡ್ಡ ಬಾಯಿ. ಜೊತೆಗೆ ಹಳೆಯ ಜಿಟಿ ಅಂದರೆ ಯಾರೋ ಒಬ್ಬರು ಮನಸಾರೆ ಚಚ್ಚಿದ ಕಾರು ಆಗಿರುವ ಸಾಧ್ಯತೆ ಜಾಸ್ತಿ. ಅದನ್ನು ಕಂಡುಹಿಡಿಯಲು ಒಂದು ಸುಲಭ ದಾರಿ ಇದೆ. ಹಿಂದಿನ ಚಕ್ರದ ಮೇಲೆ ಮಡ್‌ಗಾರ್ಡಿನ ಒಳಗೆ ಕೈ ಹಾಕಿ ಸವರಿ. ಕರಗಿ ಅಂಟಿದ ರಬ್ಬರಿನ ಚೂರುಗಳು ಬೆರಳಿಗೆ ತಗುಲಿದರೆ ಅಲ್ಲಿ ಟೈರ್ ಸುಟ್ಟಿದ್ದಾರೆ. ಹಿಂದಿನ ಎರಡು ಟೈರ್ ಹೊಸದು, ಮುಂದಿನ ಎರಡು ಹಳೆಯದು ಇದ್ದರೂ ಅದೇ ಕಥೆ. ಮಾಲೀಕ ಭಾನುವಾರ ಮಾತ್ರ ಚರ್ಚಿಗೆ ಓಡಿಸುತ್ತಿದ್ದೆ ಅನ್ನುತ್ತಾನೆ. ಮಡ್‌ಗಾರ್ಡ್ ಸುಳ್ಳು ಹೇಳುವುದಿಲ್ಲ.

ದೂರದ ಹೈವೇ ಪ್ರಯಾಣವೇ ಜಾಸ್ತಿ, ಮೆತ್ತಗೆ ಸಾಗುವ ದೊಡ್ಡ ಕಾರು ಬೇಕು ಅಂದರೆ 2018ರಿಂದ 2023ರ ಇಕೋಬೂಸ್ಟ್ ನೋಡಿ. 2.3 ಲೀಟರ್ ಟರ್ಬೊ, 310 ಎಚ್‌ಪಿ. ನಿಮಗೆ ಇದೂ ಬೇಕಾದಷ್ಟಾಯಿತು. ಬೆಲೆ ಬೇಗ ಇಳಿಯುವುದರಿಂದ ಹಳೆಯದು ಕೊಂಡವನಿಗೇ ಲಾಭ. ಮ್ಯಾನುವಲ್ ಬೇಕಿದ್ದರೆ 2023ಕ್ಕೆ ನಿಲ್ಲಿ, 2024ರಿಂದ ಇಕೋಬೂಸ್ಟ್‌ಗೆ ಮ್ಯಾನುವಲ್ ಕೊಡುತ್ತಿಲ್ಲ. ಇನ್ನೊಂದು ವಿಷಯ: ಬಾಡಿಗೆ ಕಾರಿನ ಕಂಪನಿಗಳು ಮಸ್ಟಾಂಗ್ ಬಹಳ ಇಟ್ಟುಕೊಳ್ಳುತ್ತವೆ. ಕಾರ್‌ಫ್ಯಾಕ್ಸ್ ಅನ್ನುವ, ಕಾರಿನ ಪೂರ್ವ ಇತಿಹಾಸ ಹೇಳುವ ವರದಿಯಲ್ಲಿ ಮೊದಲ ಮಾಲೀಕ ಬಾಡಿಗೆ ಕಂಪನಿ ಅಂತ ಇದ್ದರೆ ಅಂಥ ಕಾರನ್ನು ಸೈಟ್ ಸೀಯಿಂಗ್‌ಗೆ ಬಂದವರು ಹೇಗೆ ಓಡಿಸಿರುತ್ತಾರೆ ಅಂತ ನೀವೇ ಊಹಿಸಿ.

370ಝಡ್ ವಿಷಯಕ್ಕೆ ಬರೋಣ. 3.7 ಲೀಟರ್ ವಿ6, 332 ಎಚ್‌ಪಿ, ಎರಡೇ ಸೀಟು. ಎಂಜಿನ್ ಗಟ್ಟಿಮುಟ್ಟು, ಆದರೆ ಎರಡು ದೌರ್ಬಲ್ಯ. ಒಂದು, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಗೇರ್ ಬಾಕ್ಸಿನ ಒಳಗಡೆ ಕೂತಿದೆ. ಅದು ಸೋರಿದರೆ ಒತ್ತಿದ ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಕೂತುಬಿಡುತ್ತದೆ. ಬದಲಿಸಲು ಗೇರ್ ಬಾಕ್ಸ್ ಇಳಿಸಲೇಬೇಕು. ಎರಡು, 2012ಕ್ಕಿಂತ ಹಿಂದಿನವುಗಳಲ್ಲಿ ಟೈಮಿಂಗ್ ಚೈನ್ ಕವರಿನ ಹಿಂದೆ ಇರುವ ಆಯಿಲ್ ಗ್ಯಾಲರಿಯ (ಆಯಿಲ್ ಸಾಗುವ ದಾರಿ) ಗ್ಯಾಸ್ಕೆಟ್ ಸೀಳಿಹೋಗುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಒಳಗೆ ಆಯಿಲ್ ಪ್ರೆಷರ್ ಇಳಿಯುತ್ತಾ ಹೋಗುತ್ತದೆ. ಸಾಮಾನು ಅಗ್ಗ, ಬಿಚ್ಚುವ ಕೂಲಿಯೇ ದೊಡ್ಡದು. ಹಾಗಾಗಿ ಫೋನಿನಲ್ಲಿ ಕೇಳಿ: ಸ್ಲೇವ್ ಸಿಲಿಂಡರ್ ಬದಲಾಯಿಸಿದ್ದೀರಾ, ಗ್ಯಾಲರಿ ಗ್ಯಾಸ್ಕೆಟ್ ಕೆಲಸ ಆಗಿದೆಯಾ, ಬಿಲ್ ಇದೆಯಾ? ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವನಿಗೆ ಈ ಎರಡೂ ಹೆಸರು ಬಾಯಿಪಾಠ ಇರುತ್ತದೆ. "ಅದೇನು?" ಅಂತ ಅವರೇ ನಿಮ್ಮನ್ನು ಕೇಳಿದರೆ ಫೋನ್ ಇಡಿ.

"ತುಂಬಾ ಕಡಿಮೆಗೆ" ಅನ್ನುವ ಮಾತು ಕೇಳಿದರೆ ನನಗೆ ನನ್ನದೇ ಒಂದು ಪೆದ್ದುತನ ನೆನಪಾಗುತ್ತದೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಮಿಶಿಗನ್‌ಗೆ ಬಂದ ಹೊಸತು. ರಸ್ತೆ ಬದಿಯ ಒಬ್ಬ ಡೀಲರ್ ಹತ್ತಿರ ಕೆಂಪು ಬಣ್ಣದ ಎರಡು ಬಾಗಿಲಿನ ಕಾರು ನಿಂತಿತ್ತು. ಪಾಲಿಶ್ ಹೊಡೆದು ಕನ್ನಡಿ ಹಾಗೆ ಮಾಡಿದ್ದರು. ಮಾರುಕಟ್ಟೆ ಬೆಲೆಗಿಂತ ಒಂದೂವರೆ ಸಾವಿರ ಕಡಿಮೆ. ನಾನು ಕಾರ್ ಕಂಪನಿಗಳಿಗೆ ಬಿಡಿಭಾಗ ಮಾಡುವ ಕಡೆ ಕೆಲಸ ಮಾಡುವವನು, ನನಗೆ ಗೊತ್ತಾಗಲ್ವಾ ಅನ್ನುವ ಜಂಬ ಬೇರೆ. ಮೇಲಿಂದ ನೋಡಿದೆ, ಓಡಿಸಿದೆ, ಕೊಂಡೆ. ಏಪ್ರಿಲ್‌ನಲ್ಲಿ ಸೈಲೆನ್ಸರ್ ಬದಲಿಸಲು ಗ್ಯಾರೇಜಿಗೆ ಕೊಟ್ಟೆ. ಮೆಕ್ಯಾನಿಕ್ ಕಾರನ್ನು ಲಿಫ್ಟ್ ಮೇಲೆ ಏರಿಸಿ ನನ್ನನ್ನು ಕರೆದ. ಬಾಗಿಲಿನ ಕೆಳಗಿನ ಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದ. ಹಪ್ಪಳಕ್ಕೆ ಕಡ್ಡಿ ಚುಚ್ಚಿದ ಹಾಗೆ ಒಳಗೆ ಹೋಯಿತು. ತುಕ್ಕಿನ ಪುಡಿ ಅವನ ತೋಳಿನ ಮೇಲೆ ಉದುರಿತು. ಅವನು ಏನೂ ಹೇಳಲಿಲ್ಲ, ಸುಮ್ನೆ ನನ್ನ ಮುಖ ನೋಡಿದ. ಮೇಲೆ ಥಳುಕು, ಒಳಗೆ ಹುಳುಕು. ಆ ಒಂದೂವರೆ ಸಾವಿರದ ಎರಡರಷ್ಟು ವೆಲ್ಡಿಂಗ್‌ಗೆ ಹೋಯಿತು.

ಒಹಾಯೊದಲ್ಲೂ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ? ಅಲ್ಲಿ ಮೂರು ಚಳಿಗಾಲ ಕಂಡ ಕಾರಿನ ಹೊಟ್ಟೆಗೆ ಉಪ್ಪು ತಗುಲೇ ಇರುತ್ತದೆ. ಹಾಗಾಗಿ ಕೆಂಟಕಿ, ಟೆನೆಸಿ, ಕ್ಯಾರೊಲೈನಾ ಕಡೆಯ ಕಾರು ಸಿಕ್ಕಿದರೆ ಶನಿವಾರ ಒಂದು ದಿನ ವ್ಯರ್ಥವಾದರೂ ಹೋಗಿ ನೋಡಿ. ಫ್ಲೋರಿಡಾ, ಲೂಸಿಯಾನಾದಿಂದ ಬಂದದ್ದಾದರೆ ಪ್ರವಾಹದ ನೀರಲ್ಲಿ ಮುಳುಗಿತ್ತಾ ಅಂತ ಸೀಟಿನ ಕೆಳಗಿನ ಕಬ್ಬಿಣ, ಕಾರ್ಪೆಟ್ಟಿನ ಅಡಿ ನೋಡಿ.

ಕಾರು ನೋಡಲು ಹೋಗುವ ದಿನ ಹೀಗೆ ಮಾಡಿ. ಬೆಳಿಗ್ಗೆ ಹೋಗಿ, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ. ಬೆಚ್ಚಗಿದ್ದರೆ ಅವರು ಮೊದಲೇ ಓಡಿಸಿ ಏನನ್ನೋ ಮುಚ್ಚಿಟ್ಟಿರಬಹುದು. ತಣ್ಣಗಿರುವ ಎಂಜಿನ್ ಮೊದಲ ಹತ್ತು ಸೆಕೆಂಡಿನಲ್ಲಿ ಎಲ್ಲ ಗುಟ್ಟು ಹೇಳುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಆಮೇಲೆ ಬಾನೆಟ್ ಎತ್ತಿ ಮಡ್‌ಗಾರ್ಡಿನ ಬೋಲ್ಟ್ ತಲೆಗಳನ್ನು ನೋಡಿ. ಕಾರ್ಖಾನೆಯಲ್ಲಿ ಬಣ್ಣ ಹೊಡೆದ ಬೋಲ್ಟಿನ ಮೇಲೆ ಪಾನಾ ತಿರುಗಿಸಿದ ಗೀರು ಇದ್ದರೆ ಮಡ್‌ಗಾರ್ಡ್ ಒಮ್ಮೆ ಹೊರಗೆ ಬಂದಿದೆ. ಯಾಕೆ ಅಂತ ಕೇಳಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2322 ಅಂತ ಇದ್ದರೆ 2022ರ 23ನೇ ವಾರ ತಯಾರಾದದ್ದು. ಕಾರಿಗಿಂತ ಟೈರ್ ವರ್ಷಗಟ್ಟಲೆ ಹಳೆಯದಿದ್ದರೆ ಅಲ್ಲೇ ಏನೋ ಎಡವಟ್ಟು. ಪ್ಲಾಸ್ಟಿಕ್ ಜಿಪ್ ಟೈ ಕಟ್ಟಿದ ವೈರು, ಖಾಲಿ ಸ್ಕ್ರೂ ತೂತು ಕಂಡರೆ ಮಾಡಿಫೈ ಮಾಡಿದ್ದನ್ನು ಮಾರುವ ಮುಂಚೆ ಬಿಚ್ಚಿದ್ದಾರೆ.

ಓಡಿಸುವಾಗ 30 ಮೈಲಿ ವೇಗದಲ್ಲಿ ನಾಲ್ಕನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಏರುತ್ತದೆ, ಕಾರು ಏರುವುದಿಲ್ಲ ಅಂದರೆ ಕ್ಲಚ್ ಮುಗಿದಿದೆ. ಎರಡನೇ ಗೇರಿಗೆ ಇಳಿಸುವಾಗ ಕರಕರ ಅಂದರೆ ಗೇರ್ ಬಾಕ್ಸಿಗೆ ಪೆಟ್ಟಾಗಿದೆ. ರೇಡಿಯೊ ಆಫ್ ಮಾಡಿ. ಮಾರುವವರು ಮಾತಾಡುತ್ತಲೇ ಇರುತ್ತಾರೆ, ಎರಡು ನಿಮಿಷ ಸುಮ್ಮನಿರಿ ಅಂತ ನಗುತ್ತಾ ಹೇಳಿ.

ಇಷ್ಟೆಲ್ಲ ಆದ ಮೇಲೂ ನೀವು, ನಾನು ನೋಡಿದ್ದು ಸಾಲದು. ಬೇರೆ ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆ ಏರಿಸಿ ಪರೀಕ್ಷೆ ಮಾಡಿಸಿ. 150ರಿಂದ 300 ಡಾಲರ್ ಆಗಬಹುದು. ಮಾರುವವರು ಒಪ್ಪದಿದ್ದರೆ ನಿಮ್ಮ ದುಡ್ಡು ಉಳಿಯಿತು. ಕಂಪನಿ ವಾಪಸ್ ಕರೆದು ಮಾಡಬೇಕಾದ ರಿಪೇರಿ (ರೀಕಾಲ್) ಬಾಕಿ ಇದೆಯಾ ನೋಡಲು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯಾದ ಎನ್‌ಎಚ್‌ಟಿಎಸ್‌ಎ ಸೈಟಿನಲ್ಲಿ ಕಾರಿನ ಗುರುತಾದ 17 ಅಕ್ಷರದ ವಿನ್ ನಂಬರ್ ಹಾಕಿದರೆ ಸಾಕು, ಅದಕ್ಕೆ ಖರ್ಚಿಲ್ಲ. ಅದೇ ನಂಬರ್ ಕೊಟ್ಟು ಇನ್ಶೂರೆನ್ಸ್ ಎಷ್ಟಾಗುತ್ತದೆ ಅಂತಲೂ ಅವತ್ತೇ ಕೇಳಿ. ಕಾರು ಕೊಂಡ ಮೇಲೆ ಕೇಳಿ ಬೆಚ್ಚಿಬಿದ್ದವರನ್ನು ನೋಡಿದ್ದೇನೆ.

ಖಾಸಗಿಯವರಿಂದ ಕೊಂಡರೆ ಒಹಾಯೊದ ಒಂದು ನಿಯಮ ನೆನಪಿಡಿ. ಮಾರುವವರು ಟೈಟಲ್, ಅಂದರೆ ಮಾಲೀಕತ್ವದ ಪತ್ರದ ಮೇಲೆ ನೋಟರಿ ಎದುರಿಗೇ ಸಹಿ ಹಾಕಬೇಕು. ಇಬ್ಬರೂ ಒಟ್ಟಿಗೆ ಕೌಂಟಿ ಟೈಟಲ್ ಆಫೀಸಿಗೋ, ನೋಟರಿ ಇರುವ ಬ್ಯಾಂಕಿಗೋ ಹೋಗಿ ದುಡ್ಡು ಅಲ್ಲೇ ಕೊಡಿ. 30 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಟೈಟಲ್‌ನಲ್ಲಿ ಇರುವ ಹೆಸರೂ ಎದುರಿಗೆ ನಿಂತವರ ಹೆಸರೂ ಬೇರೆ ಇದ್ದರೆ, ಅಣ್ಣನ ಕಾರು, ಸ್ನೇಹಿತನ ಕಾರು ಅನ್ನುವ ಕಥೆ ಕೇಳಬೇಡಿ. ರೀಬಿಲ್ಟ್ ಸಾಲ್ವೇಜ್ ಅಂತ ಮುದ್ರೆ ಇದ್ದರೆ ಅದು ಗುಜರಿಯಿಂದ ಎದ್ದು ಬಂದ ಕಾರು. ಅಗ್ಗ ಅಂತ ಮುಗ್ಗಲು ಜೋಳ ತರಬೇಡಿ.

ಡೀಲರ್ ಹತ್ತಿರವಾದರೆ ತಿಂಗಳ ಕಂತು ಎಷ್ಟು ಅನ್ನುವ ಮಾತಿಗೆ ಸಿಕ್ಕಿಬೀಳಬೇಡಿ. ಎಲ್ಲ ಸೇರಿ ಹೊರಗೆ ಬರುವಾಗ ಒಟ್ಟು ಎಷ್ಟು ಅಂತ ಬರೆದು ಕೊಡಲು ಹೇಳಿ. ಮಾರ್ಕೆಟ್ ಅಡ್ಜಸ್ಟ್‌ಮೆಂಟ್ ಅಂತ ಎರಡು-ಮೂರು ಸಾವಿರ ಸೇರಿಸುತ್ತಾರೆ, ಟೈರಿಗೆ ನೈಟ್ರೋಜನ್ ತುಂಬಿದ್ದೇವೆ ಅಂತ ಇನ್ನೂರು. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ ಸ್ವಾಮಿ. ಸಾಲ ಬೇಕಿದ್ದರೆ ಮೊದಲು ನಮ್ಮ ಸಹಕಾರಿ ಬ್ಯಾಂಕಿನಂಥ ಕ್ರೆಡಿಟ್ ಯೂನಿಯನ್ ಕೇಳಿ. ವೀಸಾ ಅವಧಿ ಮುಗಿಯುವ ತಾರೀಕಿಗಿಂತ ಮುಂದಕ್ಕೆ ಕಂತು ಕೊಡದ ಬ್ಯಾಂಕುಗಳೂ ಇವೆ.

ಎತ್ತಿಟ್ಟ ನಾಲ್ಕು ಸಾವಿರದ ಕೆಲಸ ಈಗ. ಜಿಆರ್86 ಪ್ರೀಮಿಯಂ ಟ್ರಿಮ್‌ನಲ್ಲಿ 18 ಇಂಚಿನ ಬೇಸಿಗೆ ಟೈರ್ ಬರುತ್ತದೆ. 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಆ ರಬ್ಬರ್ ಗಟ್ಟಿಯಾಗಿ ಹಿಡಿತ ಬಿಡುತ್ತದೆ, ತೀರಾ ಚಳಿಯಲ್ಲಿ ಬಿರುಕೂ ಬಿಡಬಹುದು. ಬೇಸ್ ಟ್ರಿಮ್‌ನ ಅಳತೆಯಾದ 215/45ಆರ್17ರಲ್ಲಿ ನಾಲ್ಕು ಚಳಿಗಾಲದ ಟೈರ್, ಅಗ್ಗದ ವೀಲ್ ರಿಮ್ ಸಮೇತ ತಗೊಳ್ಳಿ. ಥ್ಯಾಂಕ್ಸ್‌ಗಿವಿಂಗ್‌ಗೆ ಹಾಕಿ, ಯುಗಾದಿ ಕಳೆದ ಮೇಲೆ ಬಿಚ್ಚಿ. ಹಿಂದಿನ ಸೀಟು ಮಡಚಿದರೆ ನಾಲ್ಕೂ ಚಕ್ರ ಕಾರಿನೊಳಗೇ ಹಿಡಿಸುತ್ತವೆ, ಹಾಗೆಂದೇ ಮಾಡಿದ್ದಾರೆ. ಈ ಟೈರ್ ಹಾಕಿದ 86 ಕಡಿಮೆ ಹಿಮದಲ್ಲಿ ನೆಮ್ಮದಿಯಾಗಿ ಓಡುತ್ತದೆ. ಅರ್ಧ ಅಡಿ ಹಿಮ ಬಿದ್ದ ದಿನ ಸಿಆರ್-ವಿಯ ಬೀಗದ ಕೈ ಕೇಳಿ. ಉಳಿದ ದುಡ್ಡು ಆಯಿಲ್, ಬ್ರೇಕ್ ಫ್ಲೂಯಿಡ್, ಗೇರ್ ಆಯಿಲ್ ಎಲ್ಲ ಹೊಸದಾಗಿ ಹಾಕಿಸಲು ಮತ್ತು ಮೊದಲ ವರ್ಷದ ಇನ್ಶೂರೆನ್ಸ್‌ಗೆ.

ಬೇರೆ ಕಾರುಗಳ ಬಗ್ಗೆ ಎರಡು ಮಾತು. ಹೋಂಡಾ ಸಿವಿಕ್ ಎಸ್ಐ ಕೂಪೆ 2020ಕ್ಕೆ ನಿಂತಿತು. ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರಾದ್ದರಿಂದ ಹಿಮಕ್ಕೆ ಇದೇ ಲೇಸು, ಖರ್ಚೂ ಕಡಿಮೆ. ಒಳ್ಳೆಯದು ಕಂಡರೆ ಬಿಡಬೇಡಿ. ಮಾಜ್ದಾ ಮಿಯಾಟಾ ಕೂಪೆ ಅಲ್ಲ, ಆದರೆ 2019ರ ನಂತರದ 181 ಎಚ್‌ಪಿಯದ್ದನ್ನು ಒಮ್ಮೆ ಓಡಿಸಿ ನೋಡಿ. ಕೊಲಂಬಸ್‌ನ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಬಟ್ಟೆ ಛಾವಣಿ ನಿಲ್ಲಿಸಲು ಮನಸ್ಸು ಬರುತ್ತದಾ ನಿಮಗೇ ಬಿಟ್ಟದ್ದು. ಹಳೆಯ ಬಿಎಂಡಬ್ಲ್ಯು ಕೊಳ್ಳುವುದು ಸುಲಭ, ಸಾಕುವುದು ಕಷ್ಟ.

ಊರಿಗೆ ತಗೊಂಡು ಹೋಗುವ ಆಸೆ ಬಿಟ್ಟುಬಿಡಿ. ಇಲ್ಲಿನ ಕಾರಿಗೆ ಸ್ಟೀರಿಂಗ್ ಎಡಕ್ಕೆ. ಬಳಸಿದ ಕಾರು ಭಾರತಕ್ಕೆ ತರಬೇಕಾದರೆ ಸ್ಟೀರಿಂಗ್ ಬಲಕ್ಕಿರಬೇಕು, ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು ಅನ್ನುವ ನಿಯಮ ಇದೆ. ಸುಂಕ ಕೇಳಿದರೆ ತಲೆ ತಿರುಗುತ್ತದೆ. ಮಸ್ಟಾಂಗ್ ಜಿಟಿ 2016ರಲ್ಲಿ ಬಲ ಸ್ಟೀರಿಂಗ್ ಹಾಕಿಕೊಂಡು ಭಾರತಕ್ಕೇ ಬಂದಾಗ 65 ಲಕ್ಷ ರೂಪಾಯಿ ಇತ್ತು. ಈಗ ಅಲ್ಲಿ ಕೂಪೆ ಅಂತ ಮಾರುವ ಟಾಟಾ ಕರ್ವ್, ಸಿಟ್ರೊಯೆನ್ ಬಸಾಲ್ಟ್‌ಗಳಿಗೆ ಸುತ್ತ ನಾಲ್ಕು ಬಾಗಿಲು. ಹೊರಡುವಾಗ ಇಲ್ಲೇ ಮಾರಿ ಹೋಗಿ. ಬೆಲೆ ಇಳಿಯದ ಕಾರು ತಗೊಳ್ಳಿ ಅಂದದ್ದಕ್ಕೆ ಇದೂ ಒಂದು ಕಾರಣ.

ನೀವು ಕೇಳದ ಒಂದು ವಿಷಯ. ಬೇಸಿಗೆಗೆ ಅಪ್ಪ ಅಮ್ಮ ಬರುತ್ತಾರೆ ಅಲ್ವಾ? 86ರ ಸೀಟು ನೆಲಕ್ಕೆ ಅಂಟಿದ ಹಾಗಿದೆ. ಮಂಡಿ ನೋವಿರುವ ಅಮ್ಮನಿಗೆ ಒಳಗೆ ಕೂರುವುದು ಹೇಗೋ ಆಗುತ್ತದೆ, ಏಳುವುದು ಆಗುವುದಿಲ್ಲ. ಹಿಂದಿನ ಸೀಟು ಬ್ಯಾಗ್ ಇಡಲು, ಹೆಚ್ಚೆಂದರೆ ಮಗುವಿಗೆ. ಕೊಳ್ಳುವ ಮುಂಚೆ ಹೆಂಡತಿಯನ್ನೂ ಕರೆದುಕೊಂಡು ಹೋಗಿ ಪಕ್ಕದ ಸೀಟಿನಲ್ಲಿ ಅರ್ಧ ಗಂಟೆ ಕೂರಿಸಿ. ಸಸ್ಪೆನ್ಷನ್ ಬಿಗಿ, ಟೈರಿನ ಸದ್ದು ಜಾಸ್ತಿ. ಅವರು ಆಮೇಲೆ ಹೇಳುವುದಕ್ಕಿಂತ ಅವತ್ತೇ ಹೇಳಿದರೆ ಒಳ್ಳೆಯದು.

ಕಾರು ಬಂದ ಮೇಲೆ ಮೊದಲ ಭಾನುವಾರ ಜೇನ್ಸ್‌ವಿಲ್‌ಗೆ ಹೋಗಿ ಅಲ್ಲಿಂದ ದಕ್ಷಿಣಕ್ಕೆ 555ನೇ ರಾಜ್ಯ ಹೆದ್ದಾರಿ ಹಿಡಿಯಿರಿ. ಮೋಟರ್‌ಸೈಕಲ್‌ನವರು ಟ್ರಿಪಲ್ ನಿಕಲ್ ಅಂತ ಕರೆಯುವ ರಸ್ತೆ ಅದೇ. ಅರವತ್ತು ಮೈಲಿ ಬರೀ ಏರಿಳಿತ, ತಿರುವು, ನಮ್ಮ ಮೂಡಿಗೆರೆ ಕಡೆಯ ರಸ್ತೆಯ ಹಾಗೆ. ಹೊರಡುವ ಮುಂಚೆ ಜೇನ್ಸ್‌ವಿಲ್‌ನಲ್ಲೇ ಟ್ಯಾಂಕ್ ತುಂಬಿಸಿ, ದಾರಿಯಲ್ಲಿ ಬಂಕ್ ಕಡಿಮೆ. ದಿಣ್ಣೆ ಏರಿದ ಕೂಡಲೇ ಅಡ್ಡ ತಿರುವು ಬರುತ್ತದೆ. ಬೆಳಗಿನ ಹೊತ್ತು ಜಿಂಕೆ ನುಗ್ಗುತ್ತವೆ. ಮೂರನೇ ಗೇರಿನಲ್ಲೇ ಹೋಗಿ.